ಅರೆಗೆ ಬೆಂಬಲ ಬೆಲೆ ಎಷ್ಟು?

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಸೀಮೆಯ ಗೆಳೆಯರೊಂದಿಗೆ ಒಂದು ಲೆಕ್ಕ ಮಾತಾಡಬೇಕಾಗಿದೆ. ಉಂಡೆ ಕೊಬ್ಬರಿಗೆ ಸರ್ಕಾರದ ಬೆಂಬಲ ಬೆಲೆ ಉಂಟು. 2024ರ ಹಂಗಾಮಿಗೆ ಕ್ವಿಂಟಲಿಗೆ 12,000 ರೂಪಾಯಿ. ಅದು ತೋಟ ಇದ್ದವನ ಮಾತು. ಕಾಯಿ ಸುಲಿಯುವವನಿಗೆ ಕೂಲಿ. ಅದೇ ಕೈ ರಾತ್ರಿ ಸೋಮನ ಕುಣಿತಕ್ಕೆ ಅರೆ ಬಡಿದರೆ ಬಹಳ ಸಲ ಎಲೆ-ಅಡಿಕೆ, ಒಂದಿಷ್ಟು ಚಿಲ್ಲರೆ. ಅವನ ಕಲೆಗೆ ಬೆಂಬಲ ಬೆಲೆ ಯಾವುದು?

ಸರ್ಕಾರ ಸೃಜನಶೀಲತೆಗೆ ದುಡ್ಡು ಇಡೋದಿಲ್ಲ ಅಂತೇನಿಲ್ಲ. ಆನಿಮೇಷನ್, ಗೇಮಿಂಗ್ ಮುಂತಾದವುಗಳಿಗೆ 2024–29ರ ನೀತಿಯನ್ನೇ ರಾಜ್ಯ ತಂದಿದೆ. ಬರಲಿ, ನಮ್ಮ ಹುಡುಗರೂ ಕಲಿಯಲಿ. ಆದರೆ ಹೊಸತು ಅನ್ನೋದು ಕಂಪ್ಯೂಟರಿನಲ್ಲೇ ಹುಟ್ಟಬೇಕೆ?

ತುಮಕೂರಿನ ಕವಿ ಕೆ.ಬಿ. ಸಿದ್ದಯ್ಯನವರು 2019ರಲ್ಲಿ ತೀರಿಕೊಂಡರು. ಮಾದಿಗರ ಹಟ್ಟಿಗೇ ಬೇಡಲು ಬರುವ, ಮಾದಿಗರೂ ದೂರ ಇಟ್ಟ ದಕ್ಕಲರನ್ನು ನಡುವೆ ನಿಲ್ಲಿಸಿ ಅವರು ಬರೆದ 'ದಕ್ಲಕಥಾದೇವಿ ಕಾವ್ಯ'ವನ್ನು ಕೆ.ಪಿ. ಲಕ್ಷ್ಮಣ್ ರಂಗಕ್ಕೆ ತಂದರು. ಅಲ್ಲಿ ಅರೆ, ತಮಟೆಗಳಿವೆ. ವಾದ್ಯ ಹಳೆಯದು, ಅದು ನಿಂತ ಜಾಗ ಹೊಸದು. ದೇವರ ಮುಂದೆ ನಡೆದೂ ಗುಡಿಯ ಹೊರಗೇ ಉಳಿದ ಚರ್ಮ ಇಲ್ಲಿ ತನ್ನವರ ಕಾವ್ಯಕ್ಕೆ ಉಸಿರಾಗಿದೆ. ಆವಿಷ್ಕಾರ ಅಂದರೆ ಇದು.

ಹಾಗಂತ ಚಪ್ಪಾಳೆ ಹೊಡೆದು ಸುಮ್ಮನಾಗೋದು ಬೇಡ. ತಮಟೆ ರಂಗಮಂದಿರದ ಒಳಗೆ ಬಂದ ಕೂಡಲೇ ಅಸ್ಪೃಶ್ಯತೆ ಹೊರಗೆ ಹೋಗೋದಿಲ್ಲ. ನಗರದಲ್ಲಿ ಕಲೆ ಅನಿಸಿಕೊಂಡದ್ದು ಊರಲ್ಲಿ ಇನ್ನೂ ಚಾಕರಿಯೇ. ನೋಡುವವನ ಜಾತಿಯನ್ನು ಕೆಣಕದೆ ಕಿವಿಯನ್ನಷ್ಟೇ ತಣಿಸಿದರೆ ಆ ಸದ್ದೂ ಮೆರವಣಿಗೆಯ ಸದ್ದೇ. ಇಂಥ ಪ್ರಯೋಗಗಳನ್ನು ನಾವು ಅಳೆಯಬೇಕಾದ್ದು ಈ ಕೊಳಗದಿಂದ.

ಬೆಂಬಲ ಅಂದರೆ ಪೇಟ ಸುತ್ತಿ, ಮೆರವಣಿಗೆಯಲ್ಲಿ ನಡೆಸಿ, ಶಾಲು ಹೊದಿಸೋದಲ್ಲ. ಚಿಕ್ಕಬಳ್ಳಾಪುರ ಜಿಲ್ಲೆಯ ಮುನಿವೆಂಕಟಪ್ಪನವರ ತಮಟೆಗೆ 2023ರಲ್ಲಿ ಪದ್ಮಶ್ರೀ ಬಂತು, ಸಂತೋಷ. ಆದರೆ ಒಬ್ಬರ ಎದೆಯ ಪದಕ ಹಟ್ಟಿಯ ಹೊಟ್ಟೆ ತುಂಬಿಸೋದಿಲ್ಲ.

ನಮ್ಮ ಕಡೆ ಕಾಯಿ ಉಂಡೆ ಕೊಬ್ಬರಿಯಾಗೋಕೆ ಅಟ್ಟದ ಮೇಲೆ ಹತ್ತು-ಹನ್ನೊಂದು ತಿಂಗಳು ಬೇಕು. ದಿನಾ ಇಳಿಸಿ ಒಡೆದು ನೋಡೋರಿಲ್ಲ. ಕಲೆಗೂ ಅಂಥ ಅಟ್ಟ ಬೇಕು: ತಾಲೀಮಿಗೆ ಜಾಗ, ತಾಲೀಮಿನ ದಿನಕ್ಕೆ ಕೂಲಿ, ಸೋತರೂ ಮತ್ತೊಂದು ಆಟ ಕಟ್ಟುವ ಧೈರ್ಯ. ಎಲ್ಲಕ್ಕಿಂತ ಮೊದಲು, ಬಡಿಯೋದಿಲ್ಲ ಅನ್ನುವ ಹಕ್ಕು.

ಮೇಷ್ಟ್ರೇ, ಶಾಲೆಯ ವಾರ್ಷಿಕೋತ್ಸವಕ್ಕೆ ಅರೆಯವರನ್ನು ಕರೆದರೆ ಗೇಟಿನ ಹತ್ತಿರ ನಿಲ್ಲಿಸಬೇಡಿ. ಮಕ್ಕಳ ಮುಂದೆ ಕುರ್ಚಿ ಹಾಕಿ ಕೂರಿಸಿ, ಪಾಠ ಹೇಳಿಸಿ, ಗೌರವಧನ ಕೊಡಿ. ನೀತಿ ಅಲ್ಲಿಂದ ಶುರುವಾಗಲಿ.