ಸೀಲ್ ಕಿಟ್‌ಗೆ ಸಿಕ್ಕ ಅತಿಖ್ಯಾತಿ

ಔಟ್‌ಬೋರ್ಡ್ ಇಂಜಿನ್ನಿನ ಆಯಿಲ್ ಸೋರಿಕೆಗೆ ನಮ್ಮ ಕರಾವಳಿಯ ರಿಪೇರಿ ಶೆಡ್‌ಗಳಲ್ಲಿ ಸಿದ್ಧವಾಗಿರುವ ಉತ್ತರ ಒಂದೇ: ಸೀಲ್ ಬದಲಾಯಿಸಿ. ನೀರು ಬೆರೆತು ಗೇರ್ ಆಯಿಲ್ ಬೆಳ್ಳಗಾಗಿದ್ದರೂ ಸೀಲ್, ಪ್ರೊಪೆಲ್ಲರ್ ಬುಡದಲ್ಲಿ ಜಿಡ್ಡು ಕಂಡರೂ ಸೀಲ್, ದೋಣಿಯ ಹಿಂದೆ ನೀರಿನ ಮೇಲೆ ಬಣ್ಣದ ಪದರ ತೇಲಿದರೂ ಸೀಲ್. ಈ ಪರಿಹಾರದ ಪ್ರತಿಷ್ಠೆ ಎಷ್ಟೆಂದರೆ, ಅದು ಕೈಕೊಟ್ಟಾಗಲೂ ದೂರು ಅದರ ಮೇಲೆ ಬರುವುದಿಲ್ಲ. ಸೀಲ್ ಡೂಪ್ಲಿಕೇಟ್ ಇದ್ದಿರಬೇಕು, ಉಪ್ಪುನೀರಿನ ಕೆಲಸವೇ ಹಾಗೆ, ಇಂಜಿನ್ನಿಗೆ ವಯಸ್ಸಾಯಿತು ಎಂದು ಮಾತು ತೇಲಿಸಿ, ಮತ್ತೊಂದು ಕಿಟ್ ತರಿಸುತ್ತಾರೆ. ಸೋರಿಕೆ ಹುಡುಕುವುದೂ ಒಂದು ವಿದ್ಯೆ, ಅದಕ್ಕೊಂದು ಕ್ರಮವಿದೆ. ಸೀಲ್ ಕಿಟ್‌ನ ಖ್ಯಾತಿ ಆ ವಿದ್ಯೆಯನ್ನು ಮೂಲೆಗೆ ತಳ್ಳಿದೆ ಎಂಬುದೇ ನನ್ನ ತಕರಾರು. ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಮೀನುಗಾರಿಕೆ ನಿಷೇಧದಿಂದ ಟ್ರಾಲರ್‌ಗಳು ಬಂದರಿನಲ್ಲಿ ನಿಂತಿರುವಾಗ ಮಳೆಗಾಲದ ಕಡಲಿಗೆ ಇಳಿಯುವುದು ಈ ಇಂಜಿನ್‌ಗಳನ್ನೇ ನಂಬಿದ ನಾಡದೋಣಿಗಳು. ಆಗ ಗೇರ್ ಬಾಕ್ಸ್ ಕಚ್ಚಿಕೊಂಡರೆ ಆಗುವ ನಷ್ಟವನ್ನು ಮೀನುಗಾರರಿಗೆ ವಿವರಿಸಬೇಕಿಲ್ಲ.

ಮೊದಲ ತಪ್ಪು ನಡೆಯುವುದು ಸ್ಪ್ಯಾನರ್ ಹಿಡಿಯುವುದಕ್ಕೂ ಮುಂಚೆ. ಕಂಡದ್ದು ಯಾವ ಆಯಿಲ್ ಎಂದು ಯಾರೂ ಕೇಳುವುದಿಲ್ಲ. ನಮ್ಮಲ್ಲಿ ಹೆಚ್ಚಾಗಿ ಓಡುವ ಸೀಮೆಎಣ್ಣೆಯ ಟೂ-ಸ್ಟ್ರೋಕ್ ಇಂಜಿನ್‌ನಲ್ಲಿ ಆಯಿಲ್ ಇಂಧನದ ಜೊತೆಗೇ ಉರಿಯಬೇಕು, ಪೂರ್ತಿ ಉರಿಯುವುದಿಲ್ಲ. ಉಳಿದದ್ದು ಎಕ್ಸಾಸ್ಟ್ ದಾರಿಯಲ್ಲಿ ಇಳಿಯುತ್ತದೆ. ಹಲವು ಮಾದರಿಗಳಲ್ಲಿ ಆ ದಾರಿ ಪ್ರೊಪೆಲ್ಲರ್‌ನ ಹಬ್ ಒಳಗಿಂದಲೇ ಹೊರಬೀಳುತ್ತದೆ. ನಿಧಾನವಾಗಿ ಓಡಿಸಿ ನಿಲ್ಲಿಸಿದ ಇಂಜಿನ್ನಿನ ಹಬ್‌ನಿಂದ ಕಪ್ಪು ಜಿಡ್ಡು ತೊಟ್ಟಿಕ್ಕಿದರೆ ಗೇರ್ ಬಾಕ್ಸ್ ಸೀಲಿಗೂ ಅದಕ್ಕೂ ಸಂಬಂಧ ಇರಬೇಕೆಂದೇನಿಲ್ಲ. ಗೇರ್ ಆಯಿಲ್ ದಪ್ಪ, ಗಂಧಕದ ಘಾಟು ಅದರ ಗುರುತು. ಟೂ-ಸ್ಟ್ರೋಕ್ ಆಯಿಲ್ ತೆಳು, ಅದರಲ್ಲಿ ಮಸಿಯೂ ಇಂಧನದ ವಾಸನೆಯೂ ಬೆರೆತಿರುತ್ತವೆ. ಹಬ್ ಒರೆಸಿ, ಇಂಜಿನ್ ನೆಟ್ಟಗೆ ನಿಲ್ಲಿಸಿ, ಕೆಳಗೆ ಬಿಳಿ ಕಾಗದ ಹಾಸಿ ಒಂದು ರಾತ್ರಿ ಬಿಟ್ಟರೆ ಅರ್ಧ ಉತ್ತರ ಸಿಗುತ್ತದೆ. ಬೆಳಿಗ್ಗೆ ಗೇರ್ ಬಾಕ್ಸ್‌ನ ಮೇಲಿನ ಸ್ಕ್ರೂ ತೆಗೆದು ಮಟ್ಟ ನೋಡಿ, ಕೆಳಗಿನದನ್ನು ತುಸು ಸಡಿಲಿಸಿ ನಾಲ್ಕು ಹನಿ ಇಳಿಸಿದರೆ ಉಳಿದರ್ಧವೂ ತಿಳಿಯುತ್ತದೆ. ಮಟ್ಟ ಇಳಿದಿಲ್ಲ, ಬಣ್ಣ ಕೆಟ್ಟಿಲ್ಲ ಎಂದಾದರೆ ಗೇರ್ ಬಾಕ್ಸ್ ಬಿಚ್ಚುವ ಅಗತ್ಯವೇ ಇಲ್ಲ.

ಮಟ್ಟ ಇಳಿದಿದ್ದರೂ ನೆಟ್ಟಗೆ ಸೀಲಿಗೇ ಹೋಗಬೇಕಿಲ್ಲ. ಆ ಎರಡು ಸ್ಕ್ರೂಗಳ ಕೆಳಗಿನ ವಾಷರ್‌ಗಳನ್ನು ನೋಡಿ. ಪ್ರತಿ ಸಲ ಆಯಿಲ್ ಬದಲಿಸುವಾಗ ಹೊಸದು ಹಾಕಬೇಕಾದವು ಅವು. ಕಿಟ್‌ಗೆ ಹೋಲಿಸಿದರೆ ಬೆಲೆ ಲೆಕ್ಕಕ್ಕೇ ಇಲ್ಲ, ಬಹುಶಃ ಅದಕ್ಕೇ ಯಾರ ಗಮನಕ್ಕೂ ಬೀಳುವುದಿಲ್ಲ. ಒತ್ತಿ ಚಪ್ಪಟೆಯಾದ ವಾಷರನ್ನೇ ಮತ್ತೆ ಬಿಗಿದು, ಪ್ರೊಪೆಲ್ಲರ್ ಶಾಫ್ಟ್‌ನ ಸೀಲ್ ಹೊಸದು ಹಾಕಿದರೆ ಆಯಿಲ್ ಮತ್ತೆ ಬೆಳ್ಳಗಾಗುತ್ತದೆ. ಇನ್ನು ಬೇರಿಂಗ್ ಕ್ಯಾರಿಯರ್‌ನ ಓ-ರಿಂಗ್ ಕೂರುವ ಜಾಗ ಉಪ್ಪಿಗೆ ತಿಂದುಹೋಗಿರಬಹುದು. ವಾಟರ್ ಪಂಪ್ ಕೆಳಗಿನ ಡ್ರೈವ್ ಶಾಫ್ಟ್ ಸೀಲ್ ಇದೆ, ಗೇರ್ ಬದಲಿಸುವ ಶಿಫ್ಟ್ ರಾಡ್‌ನ ಸೀಲ್ ಇದೆ. ಇವೆಲ್ಲಕ್ಕಿಂತ ಹೆಚ್ಚಾಗಿ ಕಡೆಗಣನೆಗೆ ಒಳಗಾದದ್ದು ಶಾಫ್ಟ್‌ನ ಮೈ. ಹಳೆಯ ಸೀಲಿನ ಲಿಪ್, ಅಂದರೆ ಶಾಫ್ಟ್‌ಗೆ ಒತ್ತಿಕೊಳ್ಳುವ ಅಂಚು, ವರ್ಷಗಟ್ಟಲೆ ಒಂದೇ ಜಾಗದಲ್ಲಿ ಉಜ್ಜಿ ಅಲ್ಲಿ ಸಣ್ಣ ಗೆರೆ ಕೊರೆದಿರುತ್ತದೆ, ಉಗುರು ಆಡಿಸಿದರೆ ತಟ್ಟುತ್ತದೆ. ಹೊಸ ಸೀಲ್ ಕೂರುವುದೂ ಅದೇ ಗೆರೆಯ ಮೇಲೆ. ತೆಳು ಸ್ಟೀಲ್ ಸ್ಲೀವ್ ಹಾಕದೆ ಅಥವಾ ಶಾಫ್ಟ್ ಬದಲಿಸದೆ ಎಷ್ಟು ಸೀಲ್ ಹಾಕಿದರೂ ಫಲವಿಲ್ಲ.

ಒಪ್ಪಿದೆ, ಒಳ್ಳೆಯ ಮೆಕ್ಯಾನಿಕ್‌ಗಳು ಪ್ರೆಷರ್ ಟೆಸ್ಟ್ ಮಾಡುತ್ತಾರೆ. ಆಯಿಲ್ ಇಳಿಸಿ, ಒಂದು ಸ್ಕ್ರೂ ತೂತಿಗೆ ಗೇಜ್ ಜೋಡಿಸಿ, ಗಾಳಿ ತುಂಬಿ, ಮುಳ್ಳು ಇಳಿಯುತ್ತದೆಯೇ ಎಂದು ಕಾಯುತ್ತಾರೆ. ಇಳಿದರೆ ಸೋಪುನೀರು ಹಚ್ಚಿ ಗುಳ್ಳೆ ಹುಡುಕುತ್ತಾರೆ. ಊಹೆಗಿಂತ ಇದು ನೂರು ಪಾಲು ಮೇಲು. ಆದರೆ ಈ ಪರೀಕ್ಷೆಯ ಖ್ಯಾತಿಯನ್ನೂ ಸ್ವಲ್ಪ ಕೆದಕಿ ನೋಡಬೇಕು. ಬಹಳಷ್ಟು ಮಾದರಿಗಳಲ್ಲಿ ಪ್ರೊಪೆಲ್ಲರ್ ಶಾಫ್ಟ್‌ಗೆ ಎರಡು ಸೀಲ್‌ಗಳು ಒಂದಕ್ಕೊಂದು ಬೆನ್ನು ಮಾಡಿ ಕೂತಿರುತ್ತವೆ. ಒಳಗಿನದರ ಲಿಪ್ ಆಯಿಲ್ ಕಡೆಗೆ, ಹೊರಗಿನದರದು ನೀರಿನ ಕಡೆಗೆ. ಲಿಪ್ ತಾನು ಮುಖ ಮಾಡಿದ ಕಡೆಯಿಂದ ಒತ್ತಡ ಬಂದಷ್ಟೂ ಶಾಫ್ಟ್‌ಗೆ ಬಿಗಿಯಾಗಿ ಅಪ್ಪುತ್ತದೆ, ಬೆನ್ನಿನ ಕಡೆಯಿಂದ ಬಂದರೆ ಎದ್ದು ದಾರಿ ಬಿಡುತ್ತದೆ. ಹಾಗಾದರೆ ಒಳಗಿನಿಂದ ಗಾಳಿ ತುಂಬಿದಾಗ ಪರೀಕ್ಷೆಗೆ ಒಳಗಾಗುವುದು ಯಾವುದು? ಆಯಿಲ್ ತಡೆಯುವ ಒಳಗಿನ ಸೀಲ್ ಮಾತ್ರ. ನೀರು ತಡೆಯಬೇಕಾದ ಹೊರಗಿನ ಸೀಲಿನ ಬಗ್ಗೆ ಗೇಜ್ ಏನೂ ಹೇಳುವುದಿಲ್ಲ. ಆದರೂ ಮುಳ್ಳು ಕದಲದಿದ್ದರೆ ಗೇರ್ ಬಾಕ್ಸ್ ಸರಿಯಿದೆ ಎಂದು ತೀರ್ಪು ಕೊಟ್ಟುಬಿಡುತ್ತಾರೆ.

ಆಯಿಲ್ ಹೊರಗೆ ಹೋಗುವುದು ಒಂದು ದೋಷ, ನೀರು ಒಳಗೆ ಬರುವುದು ಇನ್ನೊಂದು. ಓಡುವಾಗ ಗೇರ್ ಬಾಕ್ಸ್ ಬಿಸಿಯಾಗಿ ಒಳಗಿನ ಒತ್ತಡ ಏರುತ್ತದೆ. ನಿಲ್ಲಿಸಿ ನೀರಿನಲ್ಲೇ ಬಿಟ್ಟಾಗ ತಣ್ಣಗಾಗಿ, ಒಳಗಿನ ಗಾಳಿ ಕುಗ್ಗಿ ನೀರನ್ನು ಎಳೆಯುತ್ತದೆ. ಆಯಿಲ್ ಬೆಳ್ಳಗಾಗಿದೆ ಎಂಬ ದೂರಿನ ಮೂಲ ಬಹಳ ಸಲ ಈ ಎಳೆತವೇ. ಅದನ್ನು ಹಿಡಿಯುವುದು ವ್ಯಾಕ್ಯೂಮ್ ಟೆಸ್ಟ್. ಜಾನ್ಸನ್, ಎವಿನ್‌ರೂಡ್ ಇಂಜಿನ್‌ಗಳ ಹಳೆಯ ಸರ್ವಿಸ್ ಮ್ಯಾನ್ಯುಯಲ್‌ಗಳು ಪ್ರೆಷರ್, ವ್ಯಾಕ್ಯೂಮ್ ಎರಡನ್ನೂ ವಿಧಿಸುತ್ತವೆ. ಪ್ರೆಷರನ್ನೂ ಎರಡು ಹಂತದಲ್ಲಿ ಹೇಳುತ್ತವೆ: ಮೊದಲು ಚದರ ಇಂಚಿಗೆ 3ರಿಂದ 6 ಪೌಂಡ್, ಅದು ನಿಂತರೆ 16ರಿಂದ 18. ಆ ಮೊದಲ ಹಂತಕ್ಕೆ ಕಾರಣವಿದೆ. ಅರ್ಧ ಮೀಟರ್ ಆಳದಲ್ಲಿ ನೀರಿನ ಒತ್ತಡ ಒಂದು ಪೌಂಡ್‌ಗೂ ಕಡಿಮೆ. ಏಕ್‌ದಂ ಹದಿನೈದಕ್ಕೆ ಏರಿಸಿದರೆ ಸವೆದ ಲಿಪ್ ಕೂಡ ಬಿಗಿಯಾಗಿ ಕಚ್ಚಿಕೊಂಡು ಪಾಸಾಗುತ್ತದೆ. ಕಡಿಮೆ ಒತ್ತಡದಲ್ಲಿ, ಶಾಫ್ಟ್ ಕೈಯಿಂದ ತಿರುಗಿಸುತ್ತ, ಗೇರ್ ಹಿಂದೆ ಮುಂದೆ ಹಾಕುತ್ತ ನೋಡಿದರೆ ಅದೇ ಲಿಪ್ ಗುಳ್ಳೆ ಬಿಡುತ್ತದೆ. ವ್ಯಾಕ್ಯೂಮ್‌ನಲ್ಲಿ ಗುಳ್ಳೆ ಕಾಣುವುದಿಲ್ಲ ನಿಜ. ಅದಕ್ಕೆ ಅನುಮಾನದ ಜಾಗದಲ್ಲಿ ಆಯಿಲ್ ಸವರಬೇಕು. ಅದು ಒಳಕ್ಕೆ ಎಳೆದುಹೋದರೆ, ಅಥವಾ ಇಳಿಯುತ್ತಿದ್ದ ಮುಳ್ಳು ಕೆಲಹೊತ್ತು ನಿಂತರೆ, ದೋಷದ ಜಾಗ ಅಲ್ಲೇ. ಶೆಡ್‌ಗಳಲ್ಲಿ ಇಂಥ ಸಾಧನ ಎಲ್ಲಿದೆ ಎಂಬ ಆಕ್ಷೇಪ ನಿಲ್ಲುವುದಿಲ್ಲ. ಬ್ರೇಕ್ ಬ್ಲೀಡ್ ಮಾಡಲು ಗ್ಯಾರೇಜ್‌ಗಳು ಬಳಸುವ ಕೈ ವ್ಯಾಕ್ಯೂಮ್ ಪಂಪ್ ಸಾಕು, ಅಡಾಪ್ಟರ್ ಲೇತ್‌ನವರು ಮಾಡಿಕೊಡುತ್ತಾರೆ.

ಸೀಲ್ ಕಿಟ್ ಪಕ್ಷದವರ ಗಟ್ಟಿ ವಾದ ಕೂಲಿಯದ್ದು. ಹೇಗೂ ಬಿಚ್ಚಿದ್ದೇವೆ, ಎಲ್ಲಾ ಸೀಲ್ ಒಟ್ಟಿಗೆ ಹಾಕಿಬಿಡೋಣ, ಮತ್ತೆ ಬಿಚ್ಚುವ ಖರ್ಚು ಉಳಿಯುತ್ತದೆ ಎನ್ನುತ್ತಾರೆ. ಕೇಳಲು ಸರಿಯೆನಿಸುತ್ತದೆ, ಆದರೆ ವಾದ ಶುರುವಾಗುವುದೇ "ಹೇಗೂ ಬಿಚ್ಚಿದ್ದೇವೆ" ಎಂಬಲ್ಲಿಂದ. ಬಿಚ್ಚಬೇಕಿತ್ತೇ ಎಂಬ ಪ್ರಶ್ನೆ ಅಷ್ಟರಲ್ಲಿ ಮಾಯವಾಗಿರುತ್ತದೆ. ಉಪ್ಪಿಗೆ ಕಚ್ಚಿದ ಕ್ಯಾರಿಯರ್ ಎಳೆಯುವಾಗ ಅಲ್ಯೂಮಿನಿಯಂ ಬಿರುಕುಬಿಟ್ಟರೆ, ಹೊಸ ಸೀಲ್ ಬಡಿದು ಕೂರಿಸುವಾಗ ಲಿಪ್ ಮಡಚಿದರೆ, ಇಲ್ಲದ ಸೋರಿಕೆಯನ್ನು ನಾವೇ ಹುಟ್ಟಿಸಿದಂತೆ. ಇದಕ್ಕಿಂತ ಅಪಾಯಕಾರಿ ಪಕ್ಷ ಇನ್ನೊಂದಿದೆ. ಸ್ವಲ್ಪ ಬೆಳ್ಳಗಾದರೆ ಏನೂ ಆಗದು, ಆಯಿಲ್ ಬೇಗ ಬೇಗ ಬದಲಿಸುತ್ತಿರಿ ಎನ್ನುವವರು ಇವರು. ಆಯಿಲ್ ಬದಲಾದ ಮರುದಿನವೇ ನೀರು ಮತ್ತೆ ಒಳಗಿರುತ್ತದೆ. ಇಂಜಿನ್ ನಿಂತ ಹೊತ್ತಿನಲ್ಲಿ ಬೇರಿಂಗ್‌ಗಳ ಮೇಲೆ ತುಕ್ಕು ಹಿಡಿಯುತ್ತದೆ, ತುಕ್ಕಿನ ಕಣ ಗೇರ್ ಹಲ್ಲು ತಿನ್ನುತ್ತದೆ. ಸಣ್ಣ ಇಂಜಿನ್ನಿನ ಗೇರ್ ಬಾಕ್ಸ್ ಹಿಡಿಯುವುದೇ ಕೆಲವು ನೂರು ಮಿಲಿಲೀಟರ್ ಆಯಿಲ್, ಅದರಲ್ಲಿ "ಸ್ವಲ್ಪ ನೀರು" ಎಂಬ ಮಾತಿಗೆ ಅರ್ಥವಿಲ್ಲ. ಕಿಟ್ ಪಕ್ಷದವರು ದೋಷ ಇದೆಯೆಂದಾದರೂ ಒಪ್ಪುತ್ತಾರೆ, ಇವರು ಅದರ ಜೊತೆ ಬಾಳಲು ಕಲಿಸುತ್ತಾರೆ.

ಸೀಲ್ ಎಂದೂ ತಪ್ಪಿತಸ್ಥ ಅಲ್ಲವೆಂದು ನಾನು ಹೇಳುತ್ತಿಲ್ಲ. ಹರಿದ ಬಲೆಯ ನೈಲಾನ್ ಎಳೆ ಪ್ರೊಪೆಲ್ಲರ್ ಹಿಂದೆ ಸುತ್ತಿಕೊಂಡು, ಒಳಕ್ಕೆ ನುಗ್ಗಿ ಲಿಪ್ ಕೊಯ್ದುಹಾಕುವುದು ಮೀನುಗಾರಿಕೆಯ ಇಂಜಿನ್‌ಗಳಿಗೆ ಸಾಮಾನ್ಯ. ಅಲ್ಲಿ ಸೀಲ್ ಹೊಸದೇ ಬೇಕು. ಆದರೆ ಅದನ್ನು ತಿಳಿಯುವುದೂ ಪ್ರೊಪೆಲ್ಲರ್ ಕಳಚಿ ಎಳೆಯನ್ನು ಕಣ್ಣಾರೆ ಕಂಡಾಗ. ಆದ್ದರಿಂದ ದೋಣಿ ಮಾಲೀಕರಿಗೆ ನನ್ನ ಮನವಿ ಇಷ್ಟೇ: ಸೀಲ್ ಕಿಟ್‌ಗೆ ದುಡ್ಡು ಕೊಡುವ ಮುಂಚೆ ಪ್ರೆಷರ್, ವ್ಯಾಕ್ಯೂಮ್ ಎರಡೂ ಗೇಜ್‌ಗಳನ್ನು ಎದುರಿಗೆ ಹಿಡಿದು ತೋರಿಸಲು ಹೇಳಿ. ಬಿಚ್ಚಿದ ಹಳೆಯ ಸೀಲನ್ನು ಕೇಳಿ ಪಡೆದು ಅದರ ಲಿಪ್ ನೋಡಿ. ಶಾಫ್ಟ್ ಮೇಲೆ ನೀವೇ ಉಗುರು ಆಡಿಸಿ. ಸ್ಕ್ರೂಗಳ ವಾಷರ್ ಹೊಸದು ಹಾಕಿದ್ದನ್ನು ಕಣ್ಣಾರೆ ಕಂಡ ಮೇಲೆಯೇ ಆಯಿಲ್ ತುಂಬಿಸಲು ಬಿಡಿ.