ಒತ್ತಿಗೆ ಜಾಗವಿಲ್ಲದ ಬಾಕ್ಸು

ಡಿಸೈನ್ ಮಾಡುವವರ ಸಿಟ್ಟೆಲ್ಲ ಬಣ್ಣದ ಮೇಲೋ ‘ಫೋಟೋ ಇನ್ನೂ ದೊಡ್ಡದು ಮಾಡ್ರೀ’ ಅನ್ನುವ ಗಿರಾಕಿಯ ಮೇಲೋ ಇರುತ್ತದೆ ಎಂದು ಹೊರಗಿನವರು ತಿಳಿದಿರುತ್ತಾರೆ. ನನ್ನ ಸಿಟ್ಟು ಡೈಲಾಗ್ ಬಾಕ್ಸಿನ ಮೇಲೆ. ಪ್ರಿಂಟ್ ಕೊಟ್ಟಾಗ, ಎಕ್ಸ್‌ಪೋರ್ಟ್ ಮಾಡುವಾಗ ಪರದೆಯ ನಡುಮಧ್ಯೆ ಎದ್ದು ನಿಲ್ಲುವ ಆ ಕಿಟಕಿ. ಹತ್ತು ಅಡಿ ಎಂಟು ಅಡಿಯ ಫ್ಲೆಕ್ಸ್ ಮಾಡಲು ಬಿಡುವ ತಂತ್ರಾಂಶವೇ ಅದರ ಮುನ್ನೋಟವನ್ನು ಬೆಂಕಿಪೊಟ್ಟಣದಷ್ಟು ಚೌಕದಲ್ಲಿ ತೋರಿಸುತ್ತದೆ. ಮೂಲೆ ಹಿಡಿದು ಎಳೆದರೆ ಜಪ್ಪಯ್ಯ ಅಂದರೂ ಜಗ್ಗುವುದಿಲ್ಲ.

ಫಾಂಟ್ ಪಟ್ಟಿಯದು ಇನ್ನೊಂದು ಕತೆ. ಕನ್ನಡದ ಡಿಟಿಪಿ ಮಾಡುವವರ ಕಂಪ್ಯೂಟರಿನಲ್ಲಿ ನುಡಿ, ಶ್ರೀಲಿಪಿ, ಆಕೃತಿ ಎಂದು ಫಾಂಟುಗಳ ರಾಶಿಯೇ ಬಿದ್ದಿರುತ್ತದೆ. ಶ್ರೀಲಿಪಿಯಲ್ಲಿ ಎಲ್ಲದರ ಹೆಸರೂ ‘ಶ್ರೀ-ಕನ್’ ಎಂದೇ ಶುರು, ಗುರುತು ಸಿಗುವುದು ಕೊನೆಯ ಅಂಕಿಗಳಲ್ಲಿ. ಪಟ್ಟಿಯ ಅಗಲ ಸಾಲದಿದ್ದರೆ ಮೊದಲು ಮರೆಯಾಗುವುದೂ ಆ ಅಂಕಿಗಳೇ. ಕಣ್ಣೆದುರು ಸಾಲಾಗಿ ಶ್ರೀ-ಕನ್, ಶ್ರೀ-ಕನ್, ಶ್ರೀ-ಕನ್. ಅದರಲ್ಲಿ ಮದುವೆ ಕಾರ್ಡಿಗೆ ಬೇಕಾದ್ದು ಯಾವುದು ಎಂದು ಹುಡುಕುವವನಿಗೆ ದೇವರೇ ದಿಕ್ಕು.

ಬಾಕ್ಸು ಯಾಕೆ ಹೀಗೆ ಮೊಂಡು ಹಿಡಿಯುತ್ತದೆ ಅನ್ನುವುದಕ್ಕೆ ಕಾರಣವಿದೆ. ವಿಂಡೋಸ್‌ನ ಹಳೆಯ ಪದ್ಧತಿಯಲ್ಲಿ ಡೈಲಾಗ್ ಬಾಕ್ಸನ್ನು ಅಳೆಯುವುದು ಪಿಕ್ಸೆಲ್‌ನಿಂದಲ್ಲ, ಅಕ್ಷರದಿಂದ. ಬಾಕ್ಸಿನ ಫಾಂಟಿನಲ್ಲಿ ಒಂದು ಅಕ್ಷರದ ಸರಾಸರಿ ಅಗಲದ ನಾಲ್ಕನೇ ಒಂದು ಪಾಲು ಅಡ್ಡದ ಅಳತೆ, ಎತ್ತರದ ಎಂಟನೇ ಒಂದು ಪಾಲು ಉದ್ದದ ಅಳತೆ. ಆ ಸರಾಸರಿ ಯಾವ ಅಕ್ಷರಗಳದು? ಇಂಗ್ಲಿಷಿನ ದೊಡ್ಡ-ಸಣ್ಣ ಸೇರಿ 52 ಅಕ್ಷರಗಳದು. ಒಂದೊಂದು ಬಟನ್ನನ್ನೂ ಒಂದೊಂದು ಖಾನೆಯನ್ನೂ ಈ ಲೆಕ್ಕದಲ್ಲಿ ಮೊಳೆ ಹೊಡೆದು ಕೂರಿಸಿರುತ್ತಾರೆ. ಕಿಟಕಿ ಹಿಗ್ಗಿದಾಗ ಯಾವುದು ಎತ್ತ ಸರಿಯಬೇಕು ಎಂದು ಪ್ರೋಗ್ರಾಮರ್ ಬೇರೆಯಾಗಿ ಬರೆಯಬೇಕು. ಬಹಳ ಜನ ಬರೆಯಲಿಲ್ಲ.

ಅಗಲ ಸಾಲದಿದ್ದರೆ ಹೇಗೋ ಸಾಗೀತು. ಕನ್ನಡಕ್ಕೆ ಪೆಟ್ಟು ಬೀಳುವುದು ಎತ್ತರದಲ್ಲಿ. ನಮ್ಮ ಅಕ್ಷರಕ್ಕೆ ತಲೆಯ ಮೇಲೆ ಗುಡಿಸು, ಕಾಲ ಕೆಳಗೆ ಒತ್ತು. ‘ಲಕ್ಷ್ಮಿ’, ‘ರಾಷ್ಟ್ರೀಯ’ ಬಂದರೆ ಒತ್ತಿನ ಜೊತೆಗೆ ಇನ್ನೊಂದು ಒತ್ತು. ನಾಲ್ಕು ಊರಿಗೆ ಒಂದೇ ಬ್ಯಾನರ್ ಮಾಡುವಾಗ ಊರಿಗೊಂದು ಲೇಯರ್ ಇಟ್ಟು ಹೆಸರು ಬರೆಯುವುದು ನನ್ನ ರೂಢಿ. ಹೊಸಪೇಟೆ, ಹಂಪಿ, ಸಂಡೂರು ಮೂರಕ್ಕೂ ಒತ್ತಿಲ್ಲ, ಬಚಾವ್. ಲೇಯರ್ ಪಟ್ಟಿಯಲ್ಲಿ ಕಂಪ್ಲಿಯ ಸಾಲಿಗೆ ಬಂದರೆ ಲಕಾರದ ಒತ್ತು ಸೊಂಟದಲ್ಲೇ ಕತ್ತರಿಸಿ ‘ಕಂಪಿ’ಯಂತೆ ಕಾಣುತ್ತದೆ. ಬಳ್ಳಾರಿಯವರ ಕೆಲಸ ಬಂದರೆ ‘ಬಳಾರಿ’. ಸಾಲಿನ ಎತ್ತರ ನಾಲ್ಕೈದು ಪಿಕ್ಸೆಲ್ ಹೆಚ್ಚಿದ್ದರೆ ಮುಗಿಯುತ್ತಿತ್ತು. ಅದನ್ನು ಹೆಚ್ಚಿಸುವ ಗುಂಡಿ ಮಾತ್ರ ಎಲ್ಲೂ ಇಲ್ಲ.

ಹಳೆಯ ಪೇಜ್‌ಮೇಕರ್‌ನಲ್ಲಿ ಈ ತಕರಾರಿಗೆ ಆಸ್ಪದವೇ ಇರಲಿಲ್ಲ ಅನ್ನಬಹುದು. ಅದರ ಕೊನೆಯ ಆವೃತ್ತಿ 7.0 ಬಂದದ್ದು 2001ರಲ್ಲಿ. ಪುಟದ ಮೇಲೆ ನುಡಿ ಅಕ್ಷರ ಮುದ್ದಾಗಿ ಕೂರುತ್ತದೆ. ಅದೇ ಪದವನ್ನು ಹುಡುಕುವ ಬಾಕ್ಸಿಗೆ ಹಾಕಿದರೆ ತಲೆ ಮೇಲೆ ಚುಕ್ಕೆ, ಗೆರೆ ಹೊತ್ತ ಯುರೋಪಿನ ಅಕ್ಷರಗಳ ಸಂತೆ. ಅಲ್ಲಿ ಒತ್ತಷ್ಟೇ ಅಲ್ಲ, ಇಡೀ ಕನ್ನಡವೇ ಮಾಯ.

ಇನ್ನು ಅಂಗಡಿಗಳಲ್ಲಿ ಕೂರುವ ಹುಡುಗರ ಪಾಡು. ಹಳೆಯ ಸಾಮಾನ್ಯ ಲ್ಯಾಪ್‌ಟಾಪಿನ ಪರದೆ 1366×768. ಕೆಳಗಿನ ಟಾಸ್ಕ್‌ಬಾರಿಗೆ ವಿಂಡೋಸ್ 10ರಲ್ಲಿ 40 ಪಿಕ್ಸೆಲ್ ಹೋದರೆ ಉಳಿಯುವ ಎತ್ತರ 728. ಬಾಕ್ಸು ಅದಕ್ಕಿಂತ ಉದ್ದವಿದ್ದರೆ ಬುಡದ ಬಟನ್ನುಗಳು ನೆಲದೊಳಗೆ.

‘ಸರ್, ಓಕೆ ಎಲ್ಲಿ ಹೋತ್ರೀ?’

‘ಎಂಟರ್ ಹೊಡಿಯಪಾ.’

ಎಂಟರ್‌ಗೆ ಜಗ್ಗದಿದ್ದರೆ ಆಲ್ಟ್ ಮತ್ತು ಸ್ಪೇಸ್ ಒಟ್ಟಿಗೆ ಒತ್ತಿ, ಎಮ್ ಒತ್ತಿ, ಮೇಲಿನ ಬಾಣದ ಕೀಲಿ ಹಿಡಿದುಕೊಳ್ಳಬೇಕು. ಬಾಕ್ಸು ತಲೆಯನ್ನು ಪರದೆಯಾಚೆ ತೂರಿಸಿ ಪಾದ ತೋರಿಸುತ್ತದೆ. ಅನೇಕ ಲಿನಕ್ಸ್‌ಗಳಲ್ಲಿ ಆಲ್ಟ್ ಹಿಡಿದು ಮೌಸಿನಿಂದ ಎಲ್ಲಿ ಹಿಡಿದು ಎಳೆದರೂ ಕಿಟಕಿ ಬರುತ್ತದೆ. ಇಷ್ಟು ಕಲಿತವನು ಅಂಗಡಿಯಲ್ಲಿ ಅರ್ಧ ಎಂಜಿನಿಯರ್.

ಕೋರೆಲ್‌ಡ್ರಾದಲ್ಲಿ ಪಕ್ಕದ ಪಟ್ಟಿಗಳು ಕಾಣೆಯಾದರೆ ಎಫ್8 ಹಿಡಿದುಕೊಂಡೇ ತಂತ್ರಾಂಶ ತೆರೆಯುವುದುಂಟು. ಎಲ್ಲ ಮೊದಲಿನ ಜಾಗಕ್ಕೆ ಬರುತ್ತದೆ, ನಾವು ಇಟ್ಟುಕೊಂಡ ಶಾರ್ಟ್‌ಕಟ್‌ಗಳು ಅಳಿಸಿಹೋಗುತ್ತವೆ.

ಸಾಲ ಮಾಡಿ 4ಕೆ ಪರದೆ ತಂದರೆ ಹಣೆಬರಹ ಬದಲಾಯಿತೇ? 96 ಡಿಪಿಐ ಎಂದು ನಂಬಿ ಬರೆದ ಹಳೆಯ ತಂತ್ರಾಂಶ ಅಲ್ಲಿ ಇರುವೆಯಷ್ಟಾಗುತ್ತದೆ, ಇಲ್ಲವೇ ಹಿಗ್ಗಿಸಿದಾಗ ಮಸುಕಾಗುತ್ತದೆ. 2017ರ ವಿಂಡೋಸ್ 10 ಅಪ್‌ಡೇಟಿನಿಂದ ಇದಕ್ಕೊಂದು ಮದ್ದಿದೆ: ಪ್ರೋಗ್ರಾಮಿನ ಪ್ರಾಪರ್ಟೀಸ್, ಕಂಪ್ಯಾಟಿಬಿಲಿಟಿ, ಅದರೊಳಗೆ ಡಿಪಿಐ ಸೆಟ್ಟಿಂಗ್. ಒಮ್ಮೆ ಫಲಿಸುತ್ತದೆ, ಒಮ್ಮೆ ಇಲ್ಲ.

ಉಚಿತ ತಂತ್ರಾಂಶಗಳನ್ನು ಹೊಗಳುವವರ ಗುಂಪಿಗೆ ಸೇರಿದವನು ನಾನು. ಆದರೂ ಇಂಕ್‌ಸ್ಕೇಪನ್ನು ಕಣ್ಣು ಮುಚ್ಚಿ ಹೊಗಳಲಾರೆ. ಅದರ ಬಾಕ್ಸು ಒಳಗಿನ ಬರಹಕ್ಕೆ ತಕ್ಕಂತೆ ಹಿಗ್ಗುತ್ತದೆ, ಒಳ್ಳೆಯದೇ. ಆದರೆ ಹಿಗ್ಗಿದ್ದು ಕುಗ್ಗುವುದಿಲ್ಲ ಎಂದು ಹಟ ಹಿಡಿದು, ಚಿತ್ರ ಬರೆಯುವ ಜಾಗವನ್ನೇ ನುಂಗುತ್ತಿತ್ತು. 2021ರ 1.1 ಆವೃತ್ತಿಯಲ್ಲಿ ಈ ಪಟ್ಟಿಗಳನ್ನು ಹೊಸದಾಗಿ ಕಟ್ಟಿದ ಮೇಲೆ ಎಷ್ಟೋ ವಾಸಿ. ಗಿಂಪ್ ಅಂತೂ ಚೆಲ್ಲಾಪಿಲ್ಲಿ ಬಿದ್ದಿದ್ದ ಕಿಟಕಿಗಳನ್ನು ಒಂದೇ ಚೌಕಟ್ಟಿಗೆ ತರುವ ಆಯ್ಕೆ ಕೊಟ್ಟದ್ದು 2012ರಲ್ಲಿ, 2.8ರಲ್ಲಿ.

ಗಾದಿಗನೂರಿನಿಂದ ರೈಲು ಹತ್ತಿ ಹೊಸಪೇಟೆಗೆ ಲ್ಯಾಪ್‌ಟಾಪ್ ಕೊಳ್ಳಲು ಹೋಗುವ ಹುಡುಗರು ಕೇಳಿದರೆ ನಾನು ಹೇಳುವುದು ಇಷ್ಟೇ. ರ್‍ಯಾಮ್ ಕೇಳಿ, ಬೆಲೆ ಕೇಳಿ, ಆಮೇಲೆ ಪರದೆಯ ಎರಡನೇ ಸಂಖ್ಯೆ ನೋಡಿ. 1920×1080ರ ಪಕ್ಕದಲ್ಲೇ 1920×1200 ಇಟ್ಟಿದ್ದರೆ, ದುಡ್ಡು ಸ್ವಲ್ಪ ಹೆಚ್ಚಾದರೂ ಎರಡನೆಯದನ್ನೇ ತನ್ನಿ. ಅಂಗಡಿಯಲ್ಲೇ ಒಂದು ಹೊಸ ಫೋಲ್ಡರ್ ಮಾಡಿ ‘ಲಕ್ಷ್ಮಿ’ ಎಂದು ಹೆಸರಿಟ್ಟು, ಕೆಳಗಿನ ಎರಡೂ ಒತ್ತು ಪೂರ್ತಿ ಕಂಡವೇ ಎಂದು ನೋಡಿಕೊಂಡೇ ದುಡ್ಡು ಕೊಡಿ.