ಜವಳಿಮನೆಯ ನಾದಮಂದಿರ

ಪಾಶ್ಚಾತ್ಯ ಸಂಗೀತದ ಇತಿಹಾಸಕಾರರು ಕೃತಿಕಾರರನ್ನು ಕುರಿತು ಸಂಪುಟಗಟ್ಟಲೆ ಬರೆದಿದ್ದಾರೆ. ಆ ಕೃತಿಗಳನ್ನು ಕೇಳಲು ಜನರು ಕುಳಿತ ಮನೆಗಳಿಗೆ ಆ ಸಂಪುಟಗಳಲ್ಲಿ ದೊರೆತ ಸ್ಥಳ ಅತ್ಯಲ್ಪ. ಜರ್ಮನಿಯ ಲೈಪ್‌ಜಿಗ್ ನಗರದ ಗೆವಾಂಡ್‌ಹೌಸ್ ಈ ಮಾತಿಗೆ ಅಪವಾದ. ಅದರ ಕೀರ್ತಿ ದೊಡ್ಡದು. ಆದರೆ ಅದನ್ನು ಕೊಂಡಾಡುವವರು ಗೋಡೆಗಳ ನಾದಗುಣವನ್ನು ಹೊಗಳಿ ವಿರಮಿಸುವ ವಾಡಿಕೆ ಈ ಲೇಖಕನಿಗೆ ಒಪ್ಪಿಗೆಯಾಗದು. ಆ ಹೆಸರನ್ನು ಹೊತ್ತ ಮನೆಗಳು ಮೂರು. ಎರಡು ನೆಲಸಮವಾದವು, ಹೆಸರು ಮಾತ್ರ ಉಳಿಯಿತು. ಉಳಿಸಿದವರು ಕೇಳುಗರು. ಹೊಗಳಿಕೆಯೂ ತೆಗಳಿಕೆಯೂ ಅವರಿಗೇ ಸಲ್ಲಬೇಕು.

ಅರಮನೆಯ ಆಶ್ರಯವಿಲ್ಲದೆ ಹುಟ್ಟಿದುದು ಈ ಸಂಸ್ಥೆಯ ಹಿರಿಮೆ. ೧೭೪೩ರಲ್ಲಿ ಕುಲೀನರೂ ವರ್ತಕರೂ ಸೇರಿದ ಹದಿನಾರು ಮಂದಿ ನಾಗರಿಕರು ತಮ್ಮ ಹಣದಿಂದ ಹದಿನಾರು ಮಂದಿ ವಾದ್ಯಗಾರರ ಮೇಳವೊಂದನ್ನು ಕಟ್ಟಿದರು. ಮಹಾನ್ ಕೃತಿಕಾರ ಬಾಖ್ ಅದೇ ಊರಿನ ಇಗರ್ಜಿಯ ಸೇವೆಯಲ್ಲಿದ್ದ ಕಾಲವದು. ಮೇಳಕ್ಕೆ ಸ್ವಂತ ಮನೆಯಿರಲಿಲ್ಲ. ‘ಮೂರು ಹಂಸಗಳು’ ಎಂಬ ಛತ್ರದಲ್ಲಿ ಕಛೇರಿಗಳು ನಡೆಯುತ್ತಿದ್ದವು. ೧೭೮೧ರಲ್ಲಿ ಬಟ್ಟೆಯ ವ್ಯಾಪಾರಿಗಳ ಕಟ್ಟಡದ ಮೇಲಂತಸ್ತಿನಲ್ಲಿ ಸುಮಾರು ಐನೂರು ಮಂದಿ ಹಿಡಿಸುವ ಸಭಾಂಗಣ ಸಿದ್ಧವಾಯಿತು. ಗೆವಾಂಡ್ ಎಂದರೆ ಬಟ್ಟೆ, ಹೌಸ್ ಎಂದರೆ ಮನೆ: ನಮ್ಮ ಮಾತಿನಲ್ಲಿ ಹೇಳುವುದಾದರೆ ಜವಳಿಮನೆ. ಇಷ್ಟು ಗದ್ಯಮಯವಾದ ಹೆಸರನ್ನು ಬದಲಿಸುವ ಚಾಪಲ್ಯ ಆ ಊರಿನವರಿಗೆ ಎಂದೂ ಹುಟ್ಟಲಿಲ್ಲ. ಇದು ಅವರ ಅಭಿರುಚಿಗೆ ಸಾಕ್ಷಿ.

ಆ ಅಂಗಣದ ಒಳಮೈ ಮರದ್ದು. ಶ್ರೋತೃಗಳ ಸಾಲುಗಳು ವೇದಿಕೆಗೆ ಅಭಿಮುಖವಾಗಿರದೆ ಉದ್ದನೆಯ ಎರಡು ಪಕ್ಕಗಳಲ್ಲಿ ಪರಸ್ಪರ ಎದುರುಬದುರಾಗಿದ್ದವು. ಕೇಳುಗನು ವಾದ್ಯವನ್ನು ಕೇಳುತ್ತ ನೆರೆಯವನ ಮುಖವನ್ನು ನೋಡಬೇಕಾಗಿತ್ತು. ಗೋಡೆಯ ಮೇಲೆ ಆನಂದವನ್ನು ಗಾಂಭೀರ್ಯದೊಡನೆ ಬೆಸೆಯುವ ರೋಮನ್ ತತ್ತ್ವಜ್ಞಾನಿ ಸೆನೆಕನ ನುಡಿಯೊಂದು ಇತ್ತು. ಈ ಅಂಗಣದಲ್ಲಿಯೇ ೧೮೨೮ರಲ್ಲಿ ಒಂಬತ್ತು ವರ್ಷದ ಕ್ಲಾರಾ ವೀಕ್ ಪಿಯಾನೊ ನುಡಿಸಿದಳು. ೧೮೩೫ರಲ್ಲಿ ಮೆಂಡೆಲ್ಸೋನ್ ಮೇಳದ ನಾಯಕನಾಗಿ ಬಂದ. ಶೂಬರ್ಟ್ ತೀರಿಕೊಂಡು ಹತ್ತು ವರ್ಷ ಕಳೆದರೂ ಧೂಳು ತಿನ್ನುತ್ತಿದ್ದ ಅವನ ದೊಡ್ಡ ಸಿಂಫನಿಯನ್ನು ವಿಯೆನ್ನಾದಲ್ಲಿ ಶೂಮನ್ ಕಂಡನು. ಮೆಂಡೆಲ್ಸೋನ್ ೧೮೩೯ರಲ್ಲಿ ಅದನ್ನು ಇಲ್ಲಿ ನುಡಿಸಿದನು. ಆ ಕೇಳುಗರೇ, ಅಥವಾ ಅವರ ಮಕ್ಕಳು, ೧೮೫೯ರಲ್ಲಿ ತನ್ನ ಮೊದಲ ಪಿಯಾನೊ ಕನ್ಸರ್ಟೊವನ್ನು ತಾನೇ ನುಡಿಸಿದ ತರುಣ ಬ್ರಾಮ್ಸ್‌ನನ್ನು ಬುಸುಗುಟ್ಟಿ ಅವಮಾನಿಸಿದರು! ಗಾಂಭೀರ್ಯ ಕೆಲವೊಮ್ಮೆ ಗರ್ವದ ಇನ್ನೊಂದು ಹೆಸರು. ೧೮೭೯ರ ಹೊಸವರ್ಷದ ದಿನ ಅದೇ ಬ್ರಾಮ್ಸ್ ತನ್ನ ಪಿಟೀಲು ಕನ್ಸರ್ಟೊವನ್ನು ಮೊದಲು ಕೇಳಿಸಿದ್ದೂ ಅಲ್ಲಿಯೇ.

ಎರಡನೆಯ ಮನೆ ೧೮೮೪ರಲ್ಲಿ ತೆರೆಯಿತು. ವಾಸ್ತುಶಿಲ್ಪಿಗಳು ಗ್ರೋಪಿಯಸ್ ಮತ್ತು ಶ್ಮೀಡೆನ್. ಅಮೆರಿಕದ ಬಾಸ್ಟನ್ ನಗರದಲ್ಲಿ ೧೯೦೦ರಲ್ಲಿ ಎದ್ದ ಸಿಂಫನಿ ಹಾಲ್‌ಗೆ ಇದು ಮಾದರಿಯಾಯಿತು. ಮಾದರಿ ಅಳಿದು ಅನುಕೃತಿ ನಿಂತಿರುವ ವಿಚಿತ್ರವನ್ನು ಇಂದು ಅಲ್ಲಿ ಕಾಣಬಹುದು. ೧೮೯೨ರಲ್ಲಿ ಈ ಮನೆಯ ಮುಂದೆ ಮೆಂಡೆಲ್ಸೋನನ ಪ್ರತಿಮೆಯನ್ನು ನಿಲ್ಲಿಸಿದರು.

ಇಲ್ಲಿಂದ ಮುಂದಿನ ಕಥೆ ನಾದಗುಣದಿಂದ ವಿವರಿಸಲಾಗದುದು. ೧೯೩೩ರ ಮಾರ್ಚಿಯಲ್ಲಿ, ಯಹೂದ್ಯನೆಂಬ ಒಂದೇ ಕಾರಣಕ್ಕೆ, ಮೇಳದ ನಾಯಕ ಬ್ರೂನೊ ವಾಲ್ಟರ್‌ನ ಕಛೇರಿಯನ್ನು ನಾಟ್ಸಿಗಳು ನಿಷೇಧಿಸಿದರು. ೧೯೩೬ರ ನವೆಂಬರಿನಲ್ಲಿ, ಮೇಯರ್ ಗೋರ್ಡೆಲರ್ ಊರಲ್ಲಿ ಇಲ್ಲದ ಸಮಯ ನೋಡಿ, ಯಹೂದಿ ಕುಲದವನ ಪ್ರತಿಮೆಯೆಂದು ಮೆಂಡೆಲ್ಸೋನನ ವಿಗ್ರಹವನ್ನು ಕಿತ್ತರು. ಮೇಯರ್ ಪದವಿಯನ್ನು ತ್ಯಜಿಸಿದ. ಮುಂದೆ ಹಿಟ್ಲರನ ವಿರುದ್ಧದ ಸಂಚಿನಲ್ಲಿ ಭಾಗಿಯಾಗಿ ೧೯೪೫ರಲ್ಲಿ ಗಲ್ಲಿಗೇರಿದ. ಒಳಗೆ ಕಛೇರಿಗಳು ಮಾತ್ರ ನಡೆಯುತ್ತಲೇ ಇದ್ದವು. ಇದನ್ನು ಬಿಟ್ಟು ಬರೆದ ಗೆವಾಂಡ್‌ಹೌಸಿನ ಯಾವ ಪ್ರಶಸ್ತಿಯೂ ಅಪೂರ್ಣ.

೧೯೪೩–೪೪ರ ಬಾಂಬು ದಾಳಿಗಳಲ್ಲಿ ಕಟ್ಟಡ ಸುಟ್ಟಿತು. ಪಾಳುಗೋಡೆಗಳು ಇಪ್ಪತ್ತಕ್ಕೂ ಹೆಚ್ಚು ವರ್ಷ ನಿಂತಿದ್ದವು. ೧೯೬೮ರಲ್ಲಿ, ನಗರದ ವಿಶ್ವವಿದ್ಯಾಲಯದ ಪುರಾತನ ಇಗರ್ಜಿಯನ್ನು ಸಿಡಿಸಿದ ವರ್ಷವೇ, ಆಗಿನ ಪೂರ್ವ ಜರ್ಮನಿಯ ಆಡಳಿತದಲ್ಲಿ ಅವನ್ನೂ ಕೆಡವಿದರು. ಯುದ್ಧ ಸುಟ್ಟುದಕ್ಕಿಂತ ಶಾಂತಿ ಕೆಡವಿದುದು ಕ್ಷಮೆಗೆ ದೂರ.

ಸುಮಾರು ೧೯೦೦ ಆಸನಗಳ ಮೂರನೆಯ ಮನೆ ೧೯೮೧ರಲ್ಲಿ, ಮೊದಲ ಅಂಗಣದ ಇನ್ನೂರನೆಯ ವರ್ಷದಲ್ಲಿ, ತೆರೆಯಿತು. ಸೆನೆಕನ ನುಡಿ ಅಲ್ಲಿಗೂ ಬಂತು. ೧೯೮೯ರ ಅಕ್ಟೋಬರ್ ೯ರ ಸಂಜೆ ಸುಮಾರು ೭೦,೦೦೦ ಜನರು ಬೀದಿಗಿಳಿದಾಗ ಗುಂಡು ಹಾರುವ ಭಯ ಎಲ್ಲರಲ್ಲಿತ್ತು. ಮೇಳದ ನಾಯಕ ಕುರ್ಟ್ ಮಸೂರ್, ತಾನೂ ಇತರ ಐವರೂ ಸೇರಿ ರಚಿಸಿದ ಸಂಯಮದ ಮನವಿಯನ್ನು ಓದಿದನು. ಧ್ವನಿವರ್ಧಕಗಳು ಅದನ್ನು ನಗರಕ್ಕೆಲ್ಲ ಕೇಳಿಸಿದವು. ಗುಂಡು ಹಾರಲಿಲ್ಲ. ಆನಂತರದ ದಿನಗಳಲ್ಲಿ ಮಂದಿರವು ನಾಗರಿಕರ ಚರ್ಚಾಸಭೆಗಳಿಗೆ ಬಾಗಿಲು ತೆರೆಯಿತು. ಹಳೆಯ ಅಂಗಣದಲ್ಲಿ ಎದುರುಬದುರು ಕುಳಿತವರ ನೆನಪು ನಮಗೆ ಬರುವುದು ಇಲ್ಲಿ.

ಮೆಂಡೆಲ್ಸೋನನ ಪ್ರತಿಮೆಯ ಪ್ರತಿಕೃತಿಯನ್ನು ೨೦೦೮ರಲ್ಲಿ ಬಾಖ್ ಸೇವೆ ಸಲ್ಲಿಸಿದ ಸಂತ ಥಾಮಸ್ ಇಗರ್ಜಿಯ ಬಳಿ ನಿಲ್ಲಿಸಿದ್ದಾರೆ. ಮೂಲ ಪ್ರತಿಮೆಯಿದ್ದ ಎರಡನೆಯ ಮನೆಯ ನೆಲದಲ್ಲಿ ಈಗ ವಿಶ್ವವಿದ್ಯಾಲಯದ ಕಟ್ಟಡವಿದೆ.